ಹೆಗಲಿಗೇರಿದ ಎಂಜಿನ್

ಕಳೆ ಕೊಚ್ಚುವ ಯಂತ್ರ ಕೊಳ್ಳಲು ಪುತ್ತೂರಿಗೋ ಶಿರಸಿಗೋ ಹೋದರೆ ಅಂಗಡಿಯವರು ಎರಡು ಬಗೆ ತೋರಿಸುತ್ತಾರೆ. "ಇದಕ್ಕೆ ಎಣ್ಣೆ ಮಿಕ್ಸ್ ಮಾಡಬೇಕು, ಅದಕ್ಕೆ ಬೇಡ." ಅಲ್ಲಿಗೆ ಟೂ-ಸ್ಟ್ರೋಕ್, ಫೋರ್-ಸ್ಟ್ರೋಕ್ ಪಾಠ ಮುಗಿಯಿತು. ಆಮೇಲೆ ಮಾತು ಸಬ್ಸಿಡಿ, ಗ್ಯಾರಂಟಿ, ಜೊತೆಗೆ ಎಷ್ಟು ಬ್ಲೇಡು ಕೊಡುತ್ತಾರೆ ಎಂಬ ಕಡೆಗೆ ತಿರುಗುತ್ತದೆ. ಕೊಳ್ಳುವವರೂ ಹೆಚ್ಚು ಕೇಳುವುದಿಲ್ಲ. ಆದರೆ ಈ ಪುಟ್ಟ ಎಂಜಿನ್ನಿನೊಳಗೆ ಕಳೆದ ಮೂವತ್ತು ವರ್ಷಗಳಲ್ಲಿ ನಡೆದಿರುವ ಕೆಲಸ ಸಣ್ಣದಲ್ಲ. ಒಂದು ಮುಷ್ಟಿಯಷ್ಟು ಸಿಲಿಂಡರಿನಲ್ಲಿ ಇಷ್ಟೊಂದು ತಲೆ ಓಡಿಸಬಹುದೇ ಎಂದು ಬೆರಗಾಗುವಷ್ಟು ಕೆಲಸ ಅದು. ಅದೆಲ್ಲ ಯಾರನ್ನು ಕಣ್ಣ ಮುಂದಿಟ್ಟುಕೊಂಡು ಆಯಿತು, ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಅಡಿಕೆ ಸಾಲಿನ ನಡುವೆ ಬಸಿಗಾಲುವೆ ದಾಟುತ್ತ ದಿನವಿಡೀ ನಡೆಯುವವನಿಗೆ ಅದರಲ್ಲಿ ಎಷ್ಟು ದಕ್ಕಿತು ಎಂದು ಕೇಳಿದರೆ ಮಾತ್ರ ಬೆರಗು ಸ್ವಲ್ಪ ಇಳಿಯುತ್ತದೆ.

ಮೊದಲು ಹಳೆಯ ರೋಗ ಯಾವುದೆಂದು ನೋಡೋಣ. ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಕೆಳಗಿಳಿದಾಗ ಹೊಗೆ ಹೋಗುವ ಕಿಂಡಿಯೂ ಹೊಸ ಮಿಶ್ರಣ ಬರುವ ಕಿಂಡಿಗಳೂ ಒಟ್ಟಿಗೇ ತೆರೆದಿರುತ್ತವೆ. ಒಳಬಂದ ಪೆಟ್ರೋಲ್-ಗಾಳಿಯೇ ಸುಟ್ಟ ಹೊಗೆಯನ್ನು ಹೊರಗೆ ದಬ್ಬಬೇಕು. ನಿಮಿಷಕ್ಕೆ 9000 ಸುತ್ತು ತಿರುಗುವಾಗ ಸೆಕೆಂಡಿಗೆ 150 ಸಲ ಈ ಅದಲುಬದಲು ಆಗಬೇಕು. ಒಂದೊಂದು ಸಲಕ್ಕೂ ಸಿಗುವ ಸಮಯ ಸೆಕೆಂಡಿನ ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಭಾಗದಷ್ಟು. ಆ ಗಡಿಬಿಡಿಯಲ್ಲಿ ಹೊಸ ಮಿಶ್ರಣದ ಒಂದು ಪಾಲು ಹೊಗೆಯ ಬೆನ್ನು ಹಿಡಿದು, ಸುಡದೆಯೇ ಸೈಲೆನ್ಸರಿನಿಂದ ಹೊರಬಿದ್ದುಬಿಡುತ್ತದೆ. ಸಾದಾ ಟೂ-ಸ್ಟ್ರೋಕಿನಲ್ಲಿ ಹೀಗೆ ಪೋಲಾಗುವುದು ಪೆಟ್ರೋಲಿನ ಕಾಲು ಭಾಗದ ಆಸುಪಾಸು, ಕೆಲವೊಮ್ಮೆ ಇನ್ನೂ ಹೆಚ್ಚು. ನಾಲ್ಕು ಲೀಟರ್ ತಂದರೆ ಒಂದು ಲೀಟರ್ ತೋಟದ ಗಾಳಿಗೆ. ಜರ್ಮನಿಯ ಅಡಾಲ್ಫ್ ಶ್ನ್ಯೂರ್ಲೆ 1920ರ ದಶಕದಲ್ಲಿ ಒಳಬರುವ ಕಿಂಡಿಗಳನ್ನು ಓರೆ ಮಾಡಿ, ಮಿಶ್ರಣ ನೇರ ಹೊರಗೋಡದೆ ಸಿಲಿಂಡರಿನೊಳಗೆ ಒಂದು ಸುತ್ತು ಹಾಕಿ ಬರುವಂತೆ ಮಾಡಿದ. ಅಲ್ಲಿಂದಾಚೆ ಸುಮಾರು ಎಪ್ಪತ್ತು ವರ್ಷ, ಕೈಯಲ್ಲಿ ಹಿಡಿಯುವ ಎಂಜಿನ್ ಮಾಡುವವರು ಈ ಸೋರಿಕೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅವರಿಗೆ ಅದರ ಗರಜೂ ಇರಲಿಲ್ಲ.

ಗರಜು ಇಲ್ಲದಿರಲು ಕಾರಣ ತೂಕ. ನಮ್ಮ ತೋಟಗಳಲ್ಲಿ ಸಾಕಷ್ಟು ಕಾಣುವ ಸ್ಟಿಲ್ ಎಫ್‌ಎಸ್ 250 ಯಂತ್ರದ ಎಂಜಿನ್ 40.2 ಸಿಸಿ, ಬ್ಲೇಡು, ಪೆಟ್ರೋಲ್ ಬಿಟ್ಟು ಇಡೀ ಯಂತ್ರದ ತೂಕ 6.3 ಕಿಲೋ; ಶಕ್ತಿ 1.6 ಕಿಲೋವ್ಯಾಟ್, ಅಂದರೆ ಎರಡು ಅಶ್ವಶಕ್ತಿಗೂ ತುಸು ಮೇಲೆ. ಪ್ರತಿ ಸುತ್ತಿಗೂ ಒಮ್ಮೆ ಉರಿಯುವ ಎಂಜಿನ್ ಆದ್ದರಿಂದಲೇ ಇಷ್ಟು ಹಗುರಾಗಿ ಇಷ್ಟು ಬಲ ಬರುತ್ತದೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಕಟ್ಟಿದಾಗ, ಕುಳಿತವರನ್ನು ಮರದ ತುದಿಗೆ ಒಯ್ಯಲು ಅವರು ಆರಿಸಿಕೊಂಡದ್ದೂ ಪುಟ್ಟ ಟೂ-ಸ್ಟ್ರೋಕ್ ಎಂಜಿನ್ನನ್ನೇ.

ರಸ್ತೆಯ ಮೇಲೆ ಮಾತ್ರ ಕಥೆ ಬೇರೆಯಾಯಿತು. 1985ರಲ್ಲಿ ನಮ್ಮಲ್ಲಿಗೆ ಟೂ-ಸ್ಟ್ರೋಕ್ ಬೈಕು ಯಮಹಾ ಆರ್‌ಎಕ್ಸ್ 100 ಬಂತು, ಅದೇ ವರ್ಷ ಫೋರ್-ಸ್ಟ್ರೋಕಿನ ಹೀರೋ ಹೋಂಡಾ ಸಿಡಿ 100 ಕೂಡ ಬಂತು. ಹೊಗೆಯ ನಿಯಮ ಬಿಗಿಯಾಗುತ್ತ ಹೋದಂತೆ ಮೊದಲನೆಯದು 1996ರಲ್ಲಿ ನಿಂತಿತು, ಎರಡನೆಯದರ ಸಂತತಿ ಇವತ್ತಿಗೂ ಊರೂರಲ್ಲಿ ಓಡುತ್ತಿದೆ. ಬೈಕಿಗೆ ವಾಲ್ವು, ಕ್ಯಾಮು, ಎಣ್ಣೆ ತೊಟ್ಟಿ ಎಂದು ಮೂರ್ನಾಲ್ಕು ಕಿಲೋ ಸೇರಿದರೆ ಚಕ್ರ ಹೊರುತ್ತದೆ, ಹೆಗಲು ಹೊರುವುದಿಲ್ಲ. ಹಾಗಾಗಿ ರಸ್ತೆಯಲ್ಲಿ ಸತ್ತ ಟೂ-ಸ್ಟ್ರೋಕ್ ತೋಟದಲ್ಲಿ ಬದುಕಿಕೊಂಡಿತು.

ಅದರ ನೆಮ್ಮದಿ ಕೆಡಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿನ ವಾಯು ಸಂಪನ್ಮೂಲ ಮಂಡಳಿ 1995ರಿಂದ ಹುಲ್ಲು ಕತ್ತರಿಸುವ, ಎಲೆ ಊದುವ ಸಣ್ಣ ಎಂಜಿನ್ನುಗಳ ಹೊಗೆಗೂ ಮಿತಿ ಹಾಕಿತು. ಎರಡು ವರ್ಷದೊಳಗೆ ಇಡೀ ಅಮೆರಿಕಕ್ಕೆ ನಿಯಮ ಬಂತು, ಮುಂದೆ ಅದು ಇನ್ನಷ್ಟು ಬಿಗಿಯಾಯಿತು. ಜಪಾನು, ಜರ್ಮನಿ, ಸ್ವೀಡನ್ನಿನ ಕಂಪನಿಗಳಿಗೆ ಆ ಮಾರುಕಟ್ಟೆ ಬಿಡುವ ಹಾಗಿರಲಿಲ್ಲ. ಅವರು ಕೊಟ್ಟ ಉತ್ತರಗಳಲ್ಲಿ ಮೂರು ಗಂಭೀರವಾಗಿ ನೋಡಬೇಕಾದವು.

ಮೊದಲನೆಯದು ಹೋಂಡಾದ್ದು. ಫೋರ್-ಸ್ಟ್ರೋಕನ್ನೇ ಕುಗ್ಗಿಸಿ ಕೈಗೆ ಕೊಡುವುದು. ಹೇಳಲು ಸುಲಭ. ಬೈಕಿನ ಎಂಜಿನ್ನಿನಲ್ಲಿ ಎಣ್ಣೆ ತಳದಲ್ಲಿ ಕೂತಿರುತ್ತದೆ, ಬೈಕು ನೆಟ್ಟಗಿರುವತನಕ ತೊಂದರೆಯಿಲ್ಲ. ಕಳೆಯಂತ್ರ ಹಾಗಲ್ಲ. ದರೆಯ ಮೇಲಿನ ಬಳ್ಳಿ ಕಡಿಯುವಾಗ ಎಂಜಿನ್ ಕೆಳಗೆ, ಬ್ಲೇಡು ಮೇಲೆ. ಅಂಚು ಸವರುವಾಗ ಇಡೀ ಯಂತ್ರ ಮಗ್ಗುಲಾಗುತ್ತದೆ. ಸುಸ್ತಾದಾಗ ಹೇಗೆಂದರೆ ಹಾಗೆ ಬೇಲಿಗೆ ಒರಗಿಸುತ್ತಾರೆ. ಸಾದಾ ತೊಟ್ಟಿಯಿದ್ದರೆ ಎಣ್ಣೆ ಪಿಸ್ಟನ್ ದಾಟಿ ಪ್ಲಗ್ಗನ್ನು ತೋಯಿಸಿ, ಬ್ರೀದರಿನಿಂದ ಏರ್ ಫಿಲ್ಟರಿಗೆ ಸುರಿಯುತ್ತದೆ. 1997ರಲ್ಲಿ ಬಂದ ಹೋಂಡಾದ ಜಿಎಕ್ಸ್ 22, ಜಿಎಕ್ಸ್ 31 ಎಂಜಿನ್ನುಗಳು ಎಣ್ಣೆಯನ್ನು ಬೇರೆಯೇ ಒಂದು ಕೋಣೆಯಲ್ಲಿಟ್ಟವು. ಅಲ್ಲಿ ಕ್ರ್ಯಾಂಕಿನೊಂದಿಗೆ ತಿರುಗುವ ರೆಕ್ಕೆ ಎಣ್ಣೆಯನ್ನು ಚಚ್ಚಿ ಮಂಜು ಮಾಡುತ್ತದೆ. ಪಿಸ್ಟನ್ ಏರಿಳಿಯುವಾಗ ಅದರ ಕೆಳಗೆ ಒತ್ತಡ ಹೆಚ್ಚು ಕಡಿಮೆಯಾಗುತ್ತದಲ್ಲ, ಅದೇ ಈ ಮಂಜನ್ನು ಸೇದಿಕೊಂಡು ಬೇರಿಂಗಿಗೂ ವಾಲ್ವುಗಳಿಗೂ ತಲುಪಿಸುತ್ತದೆ. ಪ್ರತ್ಯೇಕ ಪಂಪಿಲ್ಲ. ಯಂತ್ರವನ್ನು ಯಾವ ಕಡೆ ಮಗುಚಿದರೂ ಮಂಜು ಹೊರಡುವ ರಂಧ್ರ ಎಣ್ಣೆಯಲ್ಲಿ ಮುಳುಗದ ಹಾಗೆ ಕೋಣೆಯ ಆಕಾರವಿದೆ. 2002ರ ಜಿಎಕ್ಸ್ 25 ಇನ್ನೂ ಒಂದು ಹೆಜ್ಜೆ ಮುಂದೆ: ಕ್ಯಾಮನ್ನು ತಲೆಯ ಮೇಲಿಟ್ಟು, ಅದನ್ನು ತಿರುಗಿಸುವ ಟೈಮಿಂಗ್ ಬೆಲ್ಟನ್ನೇ ಎಣ್ಣೆಯೊಳಗೆ ಓಡಿಸಿದರು. ಅದೇ ಮಾದರಿಯ ಜಿಎಕ್ಸ್ 35 ನಮ್ಮ ತೋಟಗಳಿಗೂ ಬಂದಿದೆ.

ವಿನ್ಯಾಸವಾಗಿ ನೋಡಿದರೆ ಇದಕ್ಕಿಂತ ಅಚ್ಚುಕಟ್ಟಾದ ಸಣ್ಣ ಎಂಜಿನ್ನನ್ನು ನಾನು ಕಂಡಿಲ್ಲ. ಸದ್ದು ಮೆತ್ತಗೆ, ಹೊಗೆ ಇಲ್ಲ, ಪೆಟ್ರೋಲ್ ಕಡಿಮೆ. ಸಂಜೆ ಮನೆಗೆ ಬಂದವನ ಅಂಗಿಯಲ್ಲಿ ಸುಟ್ಟ ಎಣ್ಣೆಯ ನಾತ ಇರುವುದಿಲ್ಲ. ಬೆಲೆ ತೆತ್ತಿರುವುದು ಬಲದಲ್ಲಿ. ಜಿಎಕ್ಸ್ 35ರ 35.8 ಸಿಸಿಯಿಂದ ಬರುವುದು ಒಂದು ಕಿಲೋವ್ಯಾಟ್. ಅದಕ್ಕಿಂತ ಚಿಕ್ಕದಾದ 30.8 ಸಿಸಿಯ ಟೂ-ಸ್ಟ್ರೋಕ್ ಎಫ್‌ಎಸ್ 120 ಕೊಡುವುದು 1.3 ಕಿಲೋವ್ಯಾಟ್. ಎಳೆ ಹುಲ್ಲಿಗೆ ಈ ಅಂತರ ಗೊತ್ತಾಗುವುದಿಲ್ಲ. ಮಳೆಗಾಲ ಮುಗಿದು ಬಲಿತ ಕಮ್ಯುನಿಸ್ಟ್ ಗಿಡ, ಲಂಟಾನದ ಬುಡಕ್ಕೆ ಬ್ಲೇಡು ತಾಗಿದಾಗ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಎಣ್ಣೆಯದ್ದು. ಈ ಎಂಜಿನ್ನಿನ ಇಡೀ ಜೀವ ನಿಂತಿರುವುದು 100 ಮಿಲಿಲೀಟರ್ ಎಣ್ಣೆಯ ಮೇಲೆ, ಒಂದು ಲೋಟ ಕಾಫಿಗಿಂತ ಕಡಿಮೆ. ಯಂತ್ರದ ಯಜಮಾನನೇ ಅದನ್ನು ಓಡಿಸುವುದಾದರೆ ದಿನಾ ಬೆಳಿಗ್ಗೆ ಮುಚ್ಚಳ ಬಿಚ್ಚಿ ನೋಡುತ್ತಾನೆ. ನಮ್ಮಲ್ಲಿ ಯಂತ್ರ ಒಬ್ಬರದು, ಕೈ ಇನ್ನೊಬ್ಬರದು. ಇವತ್ತು ಒಬ್ಬ, ನಾಳೆ ಮತ್ತೊಬ್ಬ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್ ಜೊತೆಗೆ ಎಣ್ಣೆಯೂ ಬರುತ್ತದೆ, ಪೆಟ್ರೋಲ್ ಮುಗಿದರೆ ಎಂಜಿನ್ನೇ ನಿಲ್ಲುತ್ತದೆ. ಇಲ್ಲಿ ಹಾಗಲ್ಲ, ಎಣ್ಣೆ ಮುಗಿದರೂ ಎಂಜಿನ್ ಸ್ವಲ್ಪ ಹೊತ್ತು ನಗುನಗುತ್ತಲೇ ಓಡಿ ಆಮೇಲೆ ಜಾಮ್ ಆಗುತ್ತದೆ. ಹಳೆ ಅಭ್ಯಾಸದ ಮೇಲೆ ಮಿಕ್ಸ್ ಪೆಟ್ರೋಲ್ ಹಾಕುವವರು, ಒಳ್ಳೆಯದಾಗಲಿ ಎಂದು ಕುತ್ತಿಗೆವರೆಗೆ ಎಣ್ಣೆ ತುಂಬಿಸಿ ಬಿಳಿ ಹೊಗೆ ಎಬ್ಬಿಸುವವರು ಇದ್ದೇ ಇದ್ದಾರೆ. ಇದನ್ನು ಬಳಸುವವರ ದಡ್ಡತನ ಎಂದು ತಳ್ಳಿಹಾಕುವುದು ಸರಿಯಲ್ಲ. ತನ್ನ ಮನೆಯಂಗಳದ ಹುಲ್ಲನ್ನು ತಾನೇ ಕತ್ತರಿಸುವ ಮನುಷ್ಯನಿಗಾಗಿ ಮಾಡಿದ ವಸ್ತು ಕೂಲಿಯ ಲೋಕಕ್ಕೆ ಬಂದಾಗ ಆಗುವ ಪಾಡು ಇದು.

ಎರಡನೆಯ ಉತ್ತರ ಸ್ಟಿಲ್ ಕಂಪನಿ 2000ರ ದಶಕದ ಆರಂಭದಲ್ಲಿ ತಂದ ಫೋರ್-ಮಿಕ್ಸ್. ವಾಲ್ವುಗಳಿರುವ ಫೋರ್-ಸ್ಟ್ರೋಕ್, ಆದರೆ ಎಣ್ಣೆ ತೊಟ್ಟಿ ಇಲ್ಲ. ಐವತ್ತಕ್ಕೆ ಒಂದರಂತೆ ಎಣ್ಣೆ ಬೆರೆಸಿದ ಪೆಟ್ರೋಲನ್ನೇ ಹಾಕಬೇಕು; ಒಳಬರುವ ಮಿಶ್ರಣದ ಒಂದು ಅಂಶ ಪಕ್ಕದ ದಾರಿಯಿಂದ ಹೋಗಿ ರಾಕರಿಗೂ ಕ್ರ್ಯಾಂಕಿಗೂ ಎಣ್ಣೆ ಬಳಿದು ಬರುತ್ತದೆ. ತೊಟ್ಟಿ ಒಣಗುವ ಭಯವೂ ಇಲ್ಲ, ಯಂತ್ರ ಮಗುಚುವ ಭಯವೂ ಇಲ್ಲ. ಕೇಳಲು ಎರಡರ ಒಳ್ಳೆಯದೂ ಸಿಕ್ಕಂತೆ. ಆದರೆ ಎರಡರ ಕಷ್ಟವೂ ಸಿಕ್ಕಿತು ಎಂಬುದು ನನ್ನ ತಕರಾರು. ಎಣ್ಣೆ ಬೆರೆಸುವ ಕೆಲಸ ತಪ್ಪಲಿಲ್ಲ, ಟ್ಯಾಪೆಟ್ ಅಡ್ಜಸ್ಟ್ ಮಾಡುವ ಕೆಲಸ ಹೊಸದಾಗಿ ಸೇರಿತು. ಸುಡುವ ಎಣ್ಣೆ ವಾಲ್ವಿನ ಮೇಲೆ ಮಸಿ ಕಟ್ಟುತ್ತದೆ. ಸಡಿಲ ನೋಡದೆ ಓಡಿಸಿದರೆ ಸ್ಟಾರ್ಟಿಂಗ್ ಮೊಂಡು ಬೀಳುತ್ತದೆ. ಬೆನ್ನಿಗೆ ಹಾಕಿಕೊಳ್ಳುವ ದೊಡ್ಡ ಬ್ಲೋವರುಗಳಲ್ಲಿ ಇದು ಚೆನ್ನಾಗಿ ಒಗ್ಗಿದೆ. ಕಳೆಯಂತ್ರದಲ್ಲಿ ಇದರ ಅಗತ್ಯ ನನಗೆ ಮನವರಿಕೆಯಾಗಿಲ್ಲ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ, ಅದೂ ಹೆಚ್ಚು ಸದ್ದು ಮಾಡದೆ ಬಂದ ಕಾರಣಕ್ಕೆ. ಕೊಮಾತ್ಸು ಜೆನೋವಾ ಕಂಪನಿ 1998ರಲ್ಲಿ ರೆಡ್‌ಮ್ಯಾಕ್ಸ್ ಹೆಸರಿನಲ್ಲಿ ಸ್ಟ್ರಾಟೋ-ಚಾರ್ಜ್ಡ್ ಎಂಬ ಟೂ-ಸ್ಟ್ರೋಕ್ ತಂದಿತು. ಮುಂದೆ ಹುಸ್ಕ್‌ವರ್ನಾ ಎಕ್ಸ್-ಟಾರ್ಕ್ ಎಂದು, ಸ್ಟಿಲ್ ಟೂ-ಮಿಕ್ಸ್ ಎಂದು ಇದೇ ತತ್ವವನ್ನು ತಮ್ಮದಾಗಿಸಿಕೊಂಡವು. ಸಿಲಿಂಡರಿಗೆ ಹೋಗುವ ಕಾಲುವೆಗಳ ಮೇಲ್ತುದಿಯಲ್ಲಿ ಬರೀ ಗಾಳಿಯನ್ನು ತುಂಬಿಡುತ್ತಾರೆ. ಪೆಟ್ರೋಲ್ ಮಿಶ್ರಣ ಅದರ ಹಿಂದೆ ಕಾದಿರುತ್ತದೆ. ಕಿಂಡಿ ತೆರೆದಾಗ ಮೊದಲು ನುಗ್ಗುವುದು ಗಾಳಿ. ಹೊಗೆಯನ್ನು ದಬ್ಬಿ ತಾನೂ ಅದರ ಜೊತೆ ಹೊರಗೆ ಹೋಗುವುದೂ ಅದೇ. ಪೆಟ್ರೋಲ್ ಬರುವಷ್ಟರಲ್ಲಿ ಬಾಗಿಲು ಮುಚ್ಚುತ್ತ ಬಂದಿರುತ್ತದೆ. ಹೆಚ್ಚುವರಿಯಾಗಿ ಬೇಕಾದದ್ದು ಗಾಳಿಗೊಂದು ಪ್ರತ್ಯೇಕ ದಾರಿ, ಪಿಸ್ಟನ್ನಿನ ಬದಿಯಲ್ಲಿ ಎರಡು ಗುಳಿ. ವಾಲ್ವಿಲ್ಲ, ಬೆಲ್ಟಿಲ್ಲ, ತೂಕವೂ ಹೆಚ್ಚಲಿಲ್ಲ. ಸುಡದೆ ಪೋಲಾಗುತ್ತಿದ್ದ ಪೆಟ್ರೋಲ್ ಎಷ್ಟೋ ಉಳಿಯಿತು. ಶ್ನ್ಯೂರ್ಲೆಯ ಕಾಲದಿಂದಲೂ ಇದ್ದ ಸೋರಿಕೆಗೆ, ಸೋರಲು ಬೇರೇನನ್ನಾದರೂ ಕೊಡೋಣ ಎಂಬ ಉತ್ತರ. ಸೈಲೆನ್ಸರಿನೊಳಗೆ ಕ್ಯಾಟಲಿಟಿಕ್ ಕನ್ವರ್ಟರ್ ತುರುಕಿ, ಸೋರಿದ್ದನ್ನು ಅಲ್ಲೇ ಸುಟ್ಟು, ತೊಡೆಯ ಪಕ್ಕ ಕೆಂಡ ಇಟ್ಟುಕೊಂಡು ನಡೆಯುವಂತೆ ಮಾಡಿದ ಕೆಲವು ಮಾದರಿಗಳ ಪಕ್ಕದಲ್ಲಿಟ್ಟರೆ ಇದರ ಹೆಚ್ಚುಗಾರಿಕೆ ಕಾಣುತ್ತದೆ.

ಇಷ್ಟಾದರೂ ಇವೆಲ್ಲ ಹೊಗೆಯ ಲೆಕ್ಕಕ್ಕೆ ಬಂದ ಸುಧಾರಣೆಗಳು. ಯಂತ್ರ ಹಿಡಿದವನನ್ನು ನಿಜಕ್ಕೂ ಉದ್ಧಾರ ಮಾಡಿದವು ಇವಕ್ಕಿಂತ ಹಿಂದಿನವು, ಯಾವ ಜಾಹೀರಾತಿನಲ್ಲೂ ಕಾಣದವು. ಡಯಾಫ್ರಾಂ ಕಾರ್ಬೊರೇಟರ್ ಅವುಗಳಲ್ಲೊಂದು. ಬೈಕಿನ ಕಾರ್ಬೊರೇಟರಿನಂತೆ ಇದರಲ್ಲಿ ತೇಲುವ ಬುರುಡೆ ಇಲ್ಲ. ತೆಳ್ಳಗಿನ ಪೊರೆಯೊಂದು ಪೆಟ್ರೋಲನ್ನು ಅಳೆದು ಬಿಡುತ್ತದೆ, ತಲೆಕೆಳಗಾದರೂ ಬಿಡುತ್ತದೆ. ಇದಿಲ್ಲದೆ ಕಳೆಯಂತ್ರವೂ ಇಲ್ಲ, ಚೈನ್ ಗರಗಸವೂ ಇಲ್ಲ. ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದದ್ದು ಇನ್ನೊಂದು. ಮಳೆಗಾಲದಲ್ಲಿ ಪಾಯಿಂಟಿನ ಕಿಲುಬನ್ನು ಎಮರಿ ಕಾಗದದಲ್ಲಿ ಉಜ್ಜಿ ಕೂತವರಿಗೆ ಅದರ ಬೆಲೆ ಗೊತ್ತು. ಮೂರನೆಯದು ಎಂಜಿನ್ನಿಗೂ ಹಿಡಿಕೆಗೂ ನಡುವೆ ಕೂರಿಸಿದ ರಬ್ಬರು, ಸ್ಪ್ರಿಂಗು. ನಡುಕ ಕೈಗೇರಿದರೆ ಬೆರಳಿನ ರಕ್ತನಾಳಕ್ಕೇ ಹಾನಿ. ಬೆರಳು ಬಿಳಿಚಿ ಜೋಮು ಹಿಡಿಯುವ ಕಾಯಿಲೆ ಗರಗಸ ಹಿಡಿಯುವ ಕಾಡುಗೆಲಸದವರಲ್ಲಿ ಎಂದೋ ಕಂಡಿತ್ತು. ಯುರೋಪಿನಲ್ಲಿ 2002ರ ನಿರ್ದೇಶನವೊಂದು ಕೆಲಸಗಾರನ ಕೈಗೆ ಒಂದು ದಿನದಲ್ಲಿ ತಾಗಬಹುದಾದ ನಡುಕಕ್ಕೆ ಮಿತಿ ಹಾಕಿದೆ: ಎಂಟು ಗಂಟೆಯ ಸರಾಸರಿಯಲ್ಲಿ 2.5 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಒಳ್ಳೆಯ ಯಂತ್ರದ ಕೈಪಿಡಿಯಲ್ಲಿ ಈ ಅಂಕಿ ಅಚ್ಚಾಗಿರುತ್ತದೆ. ನಮ್ಮ ಅಂಗಡಿಯಲ್ಲಿ ಅದನ್ನು ಕೇಳಿದವರನ್ನು ನಾನು ನೋಡಿಲ್ಲ.

ನಾವು ಕೇಳುವುದು ಸಿಸಿ. 43 ಸಿಸಿ, 52 ಸಿಸಿ ಎಂದು ದಪ್ಪಕ್ಷರದ ಸ್ಟಿಕ್ಕರ್ ಅಂಟಿಸಿಕೊಂಡು ಬರುವ ಅಗ್ಗದ ಯಂತ್ರಗಳು ಜಪಾನಿನ ಹಳೆಯ ವಿನ್ಯಾಸಗಳ ನೆರಳಚ್ಚು. ಆಕಾರ ಅದೇ, ಬಿಡಿಭಾಗ ಕೂಡ ಒಂದಕ್ಕೊಂದು ಹೊಂದುತ್ತವೆ, ಅದೊಂದು ಅನುಕೂಲವೇ. ನಕಲಿಗೆ ಸಿಗದೇ ಹೋಗುವುದು ಕಣ್ಣಿಗೆ ಕಾಣದ್ದು: ಅಲ್ಯುಮಿನಿಯಂ ಬೋರಿನ ಮೇಲಿನ ಗಟ್ಟಿ ಲೇಪ, ಬೇರಿಂಗಿನ ಗುಣ, ಕ್ರ್ಯಾಂಕಿನ ಎರಡು ಬದಿಯ ಸೀಲು. ಸೀಲು ಸೋರಿದರೆ ಕಾರ್ಬೊರೇಟರ್ ಲೆಕ್ಕ ಹಾಕದ ಗಾಳಿ ಒಳಗೆ ಸೇರುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ. ಅನುಭವಿ ಮೆಕ್ಯಾನಿಕ್ ಇಂಥ ಯಂತ್ರ ಬಂದರೆ ಬೋರ್ ಬಿಚ್ಚುವುದಿಲ್ಲ. ಸೈಲೆನ್ಸರಿನ ಸ್ಕ್ರೂ ತೆಗೆದು, ಹಗ್ಗವನ್ನು ಮೆಲ್ಲಗೆ ಎಳೆದು, ಹೊಗೆಯ ಕಿಂಡಿಯೊಳಗೆ ಟಾರ್ಚ್ ಬಿಡುತ್ತಾನೆ. ಪಿಸ್ಟನ್ನಿನ ಮೈ ನುಣುಪಾಗಿ ಹೊಳೆದರೆ ಸರಿ. ಉದ್ದುದ್ದ ಗೀರು, ರಿಂಗು ಕಾಣದಂತೆ ಒರೆಸಿಹೋದ ಅಲ್ಯುಮಿನಿಯಂ ಕಂಡರೆ ಅಲ್ಲಿಗೆ ಮುಗಿಯಿತು. ಹೆಚ್ಚು ಕಾಯುವ ಹೊಗೆಯ ಬದಿಯಲ್ಲಷ್ಟೇ ಗೀರು ಬಿದ್ದಿದ್ದರೆ ಮೊದಲ ಅನುಮಾನ ತೆಳು ಮಿಶ್ರಣದ ಮೇಲೆ. ಸುತ್ತಲೂ ಬಿದ್ದಿದ್ದರೆ ಎಣ್ಣೆ ಬೆರೆಸದ ಪೆಟ್ರೋಲಿನ ಮೇಲೆ.

ತೆಳು ಮಿಶ್ರಣ ಎಂದೆ. ಹೊಸ ಸುಧಾರಣೆಗಳ ಬಗ್ಗೆ ನನಗಿರುವ ನಿಜವಾದ ಜಗಳ ಇಲ್ಲಿದೆ. ಹೊಗೆಯ ಪರೀಕ್ಷೆ ಪಾಸಾಗಲು ಎಂಜಿನ್ನನ್ನು ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂಬ ಅಂಚಿಗೆ ತಂದು ನಿಲ್ಲಿಸಿದ್ದಾರೆ. ಬಳಸುವವನು ಅದನ್ನು ಕದಲಿಸಬಾರದೆಂದು ಕಾರ್ಬೊರೇಟರಿನ ಸ್ಕ್ರೂಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕಿದ್ದಾರೆ; ಕಾಲು ಸುತ್ತೋ ಅರ್ಧ ಸುತ್ತೋ ತಿರುಗಿ ತಡೆಯುತ್ತದೆ. ಇನ್ನು ಕೆಲವಕ್ಕೆ ಸಾದಾ ಸ್ಕ್ರೂಡ್ರೈವರ್ ಹಿಡಿಯದ ವಿಚಿತ್ರ ತಲೆ. ಕ್ಯಾಲಿಫೋರ್ನಿಯಾದ ಗಾಳಿಗೆ ಇದು ಒಳ್ಳೆಯದೇ. ಆ ಅಂಚಿನ ಲೆಕ್ಕ ಅಲ್ಲಿನ ಪೆಟ್ರೋಲಿಗೆ ಹಾಕಿದ್ದು, ನಮ್ಮ ಪೆಟ್ರೋಲ್ ಈಗ ಅದಲ್ಲ.

ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಕಬ್ಬು ಬೆಳೆಗಾರರಿಗೆ ಅದರಿಂದ ಲಾಭವಿರಬಹುದು, ಹೊಸ ಕಾರು ಬೈಕುಗಳನ್ನು ಅದಕ್ಕೆ ತಕ್ಕಂತೆ ಮಾಡುತ್ತಿದ್ದಾರೆ. ಪುಟ್ಟ ಎಂಜಿನ್ನಿಗೆ ಅದು ಮೂರು ಕಡೆಯಿಂದ ಹೊಡೆತ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅಂಚಿನಲ್ಲಿ ನಿಂತ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಅದಕ್ಕೆ ಒಗ್ಗದ ರಬ್ಬರಿನ ಪೈಪು ಮೆತ್ತಗಾಗುತ್ತದೆ, ಡಯಾಫ್ರಾಂ ಸೆಟೆದುಕೊಳ್ಳುತ್ತದೆ. ಮೂರನೆಯದು ಮಲೆನಾಡು, ಕರಾವಳಿಯವರಿಗೆ ವಿಶೇಷ: ಎಥನಾಲ್ ನೀರನ್ನು ಸೆಳೆಯುತ್ತದೆ. ಜುಲೈ ತಿಂಗಳ ತೇವದಲ್ಲಿ ಅರ್ಧ ತುಂಬಿದ ಕ್ಯಾನನ್ನು ಕೊಟ್ಟಿಗೆಯ ಮೂಲೆಯಲ್ಲಿಟ್ಟರೆ ನೀರು ಕುಡಿದ ಎಥನಾಲ್ ಒಂದು ಹಂತದಲ್ಲಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ಹೀರುವುದು ತಳದಿಂದ. ಎಣ್ಣೆಯನ್ನು ಸರಿಯಾಗಿ ಅಳೆದು ಬೆರೆಸಿದವನ ಎಂಜಿನ್ನಿಗೂ ಎಣ್ಣೆ ಸಿಗದೇ ಹೋಗುವುದು ಹೀಗೆ. ಅಮೆರಿಕದಲ್ಲಿ ಶೇಕಡಾ 15 ಎಥನಾಲಿನ ಪೆಟ್ರೋಲನ್ನು ಇಂಥ ಎಂಜಿನ್ನುಗಳಿಗೆ ಹಾಕುವುದಕ್ಕೇ ನಿಷೇಧವಿದೆ. ನಮ್ಮಲ್ಲಿ ಬಿಎಸ್-6 ಎಂಬ ಹೊಗೆಯ ನಿಯಮ ರಸ್ತೆಯ ವಾಹನಗಳ ಮಾತು. ಹೆಗಲ ಮೇಲಿನ ಎಂಜಿನ್ ಯಾವ ಪೆಟ್ರೋಲ್ ಕುಡಿಯಬೇಕೆಂದು ಬಂಕಿನಲ್ಲಿ ಯಾರೂ ಕೇಳುವುದಿಲ್ಲ, ಇನ್ನೊಂದು ಬಗೆ ಸುಲಭಕ್ಕೆ ಸಿಗುವುದೂ ಇಲ್ಲ.

ಹೀಗಾಗಿ ಊರಿನ ಮೆಕ್ಯಾನಿಕ್ ಟೋಪಿ ಕಿತ್ತು ಸ್ಕ್ರೂ ತಿರುಗಿಸುತ್ತಾನೆ, ಇಲ್ಲವೇ ಇಪ್ಪತ್ತೈದಕ್ಕೆ ಒಂದರಂತೆ ಎಣ್ಣೆ ಹೆಚ್ಚು ಹಾಕಲು ಹೇಳುತ್ತಾನೆ. ಎರಡನೆಯದು ತಪ್ಪು ಸಲಹೆ. ಎಣ್ಣೆ ಹೆಚ್ಚಿದಷ್ಟೂ ಅದೇ ಅಳತೆಯ ತೂತಿನಿಂದ ಬರುವ ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಮತ್ತೂ ತೆಳುವಾಗುತ್ತದೆ. ಮೊದಲನೆಯದು ಕಂಪನಿಯ ಲೆಕ್ಕದಲ್ಲಿ ಅಪರಾಧ, ತೋಟದ ಲೆಕ್ಕದಲ್ಲಿ ಎಂಜಿನ್ ಉಳಿಸುವ ದಾರಿ. ಇದಕ್ಕೆ ಕಂಪನಿಗಳ ಉತ್ತರವೂ ಇದೆ. ಸ್ಟಿಲ್‌ನ ಎಂ-ಟ್ರಾನಿಕ್, ಹುಸ್ಕ್‌ವರ್ನಾದ ಆಟೋಟ್ಯೂನ್ ಎಂಬ ವ್ಯವಸ್ಥೆಗಳು ಎಂಜಿನ್ನಿನ ಓಟ ನೋಡಿ ಪೆಟ್ರೋಲನ್ನು ತಾವೇ ಹೊಂದಿಸುತ್ತವೆ. ಒಳ್ಳೆಯ ಉಪಾಯ. ದುಬಾರಿ ಗರಗಸಗಳಿಗೆ ಮೊದಲು ಬಂತು, ಕೆಟ್ಟರೆ ಪೂರ್ತಿ ಕಾರ್ಬೊರೇಟರನ್ನೇ ಬದಲಿಸಬೇಕಾದೀತು.

ಕ್ಯಾಲಿಫೋರ್ನಿಯಾ ಈಗ ಈ ಆಟವನ್ನೇ ಬಿಟ್ಟಿದೆ. ಎರಡು ದಶಕಕ್ಕೂ ಹೆಚ್ಚು ಕಾಲ ಸುಧಾರಿಸಿದ ಮೇಲೂ, ಒಂದು ಗಂಟೆ ಎಲೆ ಊದುವ ಯಂತ್ರ ಓಡಿಸಿದರೆ ಬರುವ ಹೊಗೆಮಂಜಿನ ಮಾಲಿನ್ಯ 2017ರ ಟೊಯೋಟಾ ಕ್ಯಾಮ್ರಿಯನ್ನು ಸುಮಾರು 1100 ಮೈಲಿ ಓಡಿಸಿದ್ದಕ್ಕೆ ಸಮ ಎಂದು ಅಲ್ಲಿನ ವಾಯು ಮಂಡಳಿ ಲೆಕ್ಕ ಕೊಟ್ಟಿತು. 2024ರ ಮಾದರಿಯಿಂದ ಇಂಥ ಹೊಸ ಎಂಜಿನ್ನುಗಳು ಹೊಗೆಯನ್ನೇ ಬಿಡಬಾರದೆಂದು ವಿಧಿಸಿತು. ಅಂದರೆ ಬ್ಯಾಟರಿ. ಸದ್ದಿಲ್ಲ, ನಡುಕ ಕಡಿಮೆ, ಡಯಾಫ್ರಾಂ ಇಲ್ಲ, ಎಣ್ಣೆಯ ಜಗಳ ಇಲ್ಲ. ಮನೆಯಂಗಳಕ್ಕೆ, ಅಡಿಕೆ ಸಸಿಯ ಬುಡ ಸವರಲು ನಾನು ಇವತ್ತೇ ಅದನ್ನು ಹೇಳುತ್ತೇನೆ. ಮೂರು ಎಕರೆ ಇಳಿಜಾರಿನ ಒದ್ದೆ ಹುಲ್ಲಿಗೆ ದಿನವಿಡೀ ಬೇಕಾಗುವಷ್ಟು ಬ್ಯಾಟರಿಗಳ ಬೆಲೆ ಕೂಡಿಸಿ ನೋಡಿದರೆ ಗುತ್ತಿಗೆ ಕೆಲಸದವನು ಮತ್ತೆ ಪೆಟ್ರೋಲ್ ಯಂತ್ರದ ಕಡೆಗೇ ತಿರುಗುತ್ತಾನೆ.

ಅವನು ಕೇಳಿದರೆ ನನ್ನ ಆಯ್ಕೆ ಹೀಗೆ: ಯಂತ್ರ ಒಬ್ಬರೇ ಹಿಡಿಯುವುದಾದರೆ ಫೋರ್-ಸ್ಟ್ರೋಕ್, ಕೈ ಬದಲಾಗುವುದಾದರೆ ಮೊದಲು ಗಾಳಿ ನುಗ್ಗಿಸುವ ಟೂ-ಸ್ಟ್ರೋಕ್. ಸ್ಟಿಕ್ಕರಿನ ಸಿಸಿ ಬಿಟ್ಟು ಕೈಪಿಡಿಯ ಕಿಲೋವ್ಯಾಟನ್ನೂ ನಡುಕದ ಅಂಕಿಯನ್ನೂ ಓದಿ. ಕ್ಯಾನಿನಲ್ಲಿ ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ಬೆರೆಸಿ. ಮಳೆಗಾಲದಲ್ಲಿ ಯಂತ್ರವನ್ನು ಅಟ್ಟಕ್ಕೆ ಹಾಕುವ ಮೊದಲು ಟ್ಯಾಂಕ್ ಖಾಲಿ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ದುಡ್ಡು ಎಣಿಸುವ ಮುಂಚೆ ಕಾರ್ಬೊರೇಟರಿನ ಡಯಾಫ್ರಾಂ ಕಿಟ್ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ, ಇದ್ದರೆ ಅದನ್ನೂ ಬಿಲ್ಲಿಗೆ ಸೇರಿಸಿ. ಇಲ್ಲ, ತರಿಸಿ ಕೊಡುತ್ತೇವೆ ಎಂದರೆ ಪಕ್ಕದ ಅಂಗಡಿಗೆ ಹೋಗಿ.